ಆರೂವರೆಗೆ ಇಳಿದಿದ್ದ ಪರದೆ

ಆ ಶುಕ್ರವಾರ ಬೆಳಗ್ಗೆ ಆರೂವರೆಗೆ ಹೆಸ್ಟರ್ ಲಕೆಟ್ ಗಿರಣಿ ಮನೆಯ ಹೆರಿಗೆ ಮುಗಿಸಿಕೊಂಡು ಊರೊಳಗೆ ಕಾಲಿಟ್ಟಾಗ ತನ್ನ ಅಕ್ಕ ಮೇಬಲಳ ಮನೆಯ ಮುಂಗಿಟಕಿಯ ಪರದೆ ಇಳಿದಿರುವುದನ್ನು ಕಂಡಳು. ಕಂಡಳು, ಅಷ್ಟೆ. ನಿದ್ದೆಗೆಟ್ಟು ಕಾಲು ಸೋತಿತ್ತು, ಮನೆ ಸೇರಿ ಒಂದು ಬಟ್ಟಲು ಚಹಾ ಕುಡಿದರೆ ಸಾಕಾಗಿತ್ತು. ಮೇಬಲ್ ಇಷ್ಟು ಹೊತ್ತಿಗೆ ಎದ್ದು, ಒಲೆಯ ಬೂದಿ ಬಳಿದು, ದೊಡ್ಡಮನೆಯ ಅಡಿಗೆಗೆ ಹೊರಟಿರುತ್ತಾಳೆ. ಯಾಕೆ ಇಳಿಸಿದ್ದಾಳೆಂದು ಆಮೇಲೆ ಕೇಳಿದರಾಯಿತು ಎಂದುಕೊಂಡು ಎದುರಿನ ತನ್ನ ಮನೆ ಹೊಕ್ಕಳು.

ನೆದರ್ ಕಾಬ್ಲಿಯಲ್ಲಿ ಹಗಲಾಗಲಿ ರಾತ್ರಿಯಾಗಲಿ ಮುಂಗಿಟಕಿಯ ಪರದೆ ಇಳಿಯುವುದು ಒಂದೇ ಕಾರಣಕ್ಕೆ. ಊರಲ್ಲಿ ಯಾರಾದರೂ ಸತ್ತ ಸುದ್ದಿ ಬಂತೋ, ಬೀದಿಯ ಉದ್ದಕ್ಕೂ ಮನೆಮನೆಯಲ್ಲೂ ದಾರ ಎಳೆಯುತ್ತಾರೆ. ಮಣ್ಣು ಮಾಡುವ ತನಕ, ಅಂದರೆ ಮೂರು ದಿನ, ಮತ್ತೆ ಏರಿಸುವ ಹಾಗಿಲ್ಲ. ಸತ್ತವರು ಬೇಕಾದವರೋ ಬೇಡದವರೋ ಎಂದು ನೋಡುವ ಪದ್ಧತಿ ಇಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದ ಕುಡುಕ ಬಾರ್ನಬಿಗೂ ಊರು ಪರದೆ ಇಳಿಸಿತ್ತು. ಇಳಿಸದೆ ಇದ್ದದ್ದು ಒಂದೇ ಒಂದು ಸಲ. ಆ ಮಾತನ್ನು ಈ ಊರಿನವರು ಎತ್ತುವುದಿಲ್ಲ. ನಾನು ಎತ್ತುತ್ತೇನೆ, ಸ್ವಲ್ಪ ತಾಳಿ.

ಈ ಊರಿಗೆ ಬರುವ ಕೂಸನ್ನು ಎತ್ತಿಕೊಳ್ಳುವುದೂ ಹೋಗುವ ಹೆಣವನ್ನು ತೊಳೆದು ಮಲಗಿಸುವುದೂ ಮೂವತ್ತು ವರ್ಷದಿಂದ ಹೆಸ್ಟರಳದೇ ಕೆಲಸ. ದವಡೆಗೆ ಪಟ್ಟಿ ಕಟ್ಟುತ್ತಾಳೆ, ರೆಪ್ಪೆ ತೆರೆಯದಂತೆ ಕಣ್ಣಿನ ಮೇಲೆ ಎರಡು ಪೆನ್ನಿ ನಾಣ್ಯ ಇಡುತ್ತಾಳೆ, ಶುಭ್ರವಾದ ಅಂಗಿ ತೊಡಿಸುತ್ತಾಳೆ, ಕೈ ತೊಳೆದುಕೊಂಡು ಮನೆಗೆ ಬರುತ್ತಾಳೆ. ಅವಳ ಕಣ್ಣಲ್ಲಿ ನೀರು ಕಂಡವರಿಲ್ಲ. ಕಲ್ಲು ಹೆಂಗಸು ಅನ್ನುತ್ತಿದ್ದರು ಜನ. ಕಲ್ಲೇನಲ್ಲ, ಪಾಪ. ಹದಿನೇಳು ವರ್ಷದಿಂದ ಅವಳಿಗೆ ಒಳಗೆ ಏನೂ ಮುಟ್ಟುತ್ತಿರಲಿಲ್ಲ. ಜೋಮು ಹಿಡಿದ ಕಾಲನ್ನು ಎಳೆದುಕೊಂಡು ನಡೆಯುವ ಹಾಗೆ ದಿನ ನೂಕುತ್ತಿದ್ದಳು. ಅದು ಅವಳಿಗೆ ಅಭ್ಯಾಸವಾಗಿತ್ತು.

ಅಂದು ಎಂಟು ಗಂಟೆಗೆ ದೊಡ್ಡಮನೆಯ ಕೆಲಸದ ಲೆಟಿಸ್ ಗ್ಯಾಮನ್ ಯಜಮಾನರ ಕೋಣೆಗೆ ಚಹಾ ಒಯ್ದಳು. ಥರ್ಕೆಟಲ್ ಸಾಹೇಬರು ಹಾಸಿಗೆಯಲ್ಲೇ ತಣ್ಣಗಾಗಿದ್ದರು. ಎಪ್ಪತ್ತೊಂದು ವರ್ಷ, ಒಂಟಿ ಜೀವ, ಚರ್ಚಿನ ಹಿರಿಯ, ಊರಿನ ಎಲ್ಲ ಸಮಿತಿಗಳಿಗೂ ಅಧ್ಯಕ್ಷ. ಒಂಬತ್ತಕ್ಕೆ ಸುದ್ದಿ ಬೀದಿಗೆ ಬಂತು. ಪರದೆಗಳು ಒಂದೊಂದಾಗಿ ಇಳಿದವು. ಹೆಸ್ಟರ್ ತನ್ನದನ್ನೂ ಇಳಿಸಿ, ಬುಟ್ಟಿಗೆ ಪಟ್ಟಿ, ಸೋಪು, ಎರಡು ಪೆನ್ನಿ ಹಾಕಿಕೊಂಡು ದೊಡ್ಡಮನೆಗೆ ಹೋದಳು.

ಆದರೆ ಡಾಕ್ಟರ್ ವಿಶಾರ್ಟ್ ಬಾಗಿಲಲ್ಲೇ ತಡೆದರು. "ಮುಟ್ಟಬೇಡ ಹೆಸ್ಟರ್. ಇವರ ನಿದ್ದೆ ಪುಡಿಯ ಸೀಸೆ ನಾನು ಬುಧವಾರ ತುಂಬಿಸಿ ಕೊಟ್ಟಿದ್ದು. ಈಗ ನೋಡಿದ್ರೆ ತಳದಲ್ಲಿ ಚೂರು ಧೂಳಿದೆ ಅಷ್ಟೆ. ಮರಣಪತ್ರಕ್ಕೆ ನಾನು ಸಹಿ ಹಾಕೋದಿಲ್ಲ."

ಅಡಿಗೆಮನೆಯಲ್ಲಿ ಮೇಬಲ್ ಕೆಟಲ್ ಉಜ್ಜುತ್ತಿದ್ದಳು. ಅರವತ್ತರ ಹೆಂಗಸು, ಮೈಕೈ ತುಂಬಿದವಳು, ಅವಳ ಮುಂಗೈಯಲ್ಲಿ ಯಾವಾಗಲೂ ಹಿಟ್ಟಿನ ವಾಸನೆ. "ತೊಳೆಯೋಕೆ ಬಿಡ್ಲಿಲ್ವಾ ನಿನ್ನ?" ಎಂದಳು, ತಲೆ ಎತ್ತದೆ.

"ಇಲ್ಲ. ಪರೀಕ್ಷೆಗೆ ಮಾರ್‌ಬರಿ ಪಟ್ಟಣಕ್ಕೆ ಒಯ್ತಾರಂತೆ."

"ಓ," ಎಂದಳು ಮೇಬಲ್. ಕೆಟಲನ್ನು ಇನ್ನೊಂದು ಸಲ ಉಜ್ಜಿದಳು.

ಮಾರ್‌ಬರಿಯಿಂದ ಇನ್ಸ್‌ಪೆಕ್ಟರ್ ಹಾಬ್‌ಡೇ ಬಂದ. ಕೆಂಪು ಮೂಗು, ಒಂದೇ ಸಮನೆ ನೆಗಡಿ, ಕೈಯಲ್ಲಿ ಚಿಕ್ಕ ನೋಟುಪುಸ್ತಕ. ಮನುಷ್ಯ ಜಾಣನೇ, ಸುಳ್ಳು ಹೇಳಬಾರದು. ಮೂರೇ ದಿನದಲ್ಲಿ ವಿಷಯವನ್ನೆಲ್ಲ ಹೆಣೆದುಬಿಟ್ಟ. ಸಾಹೇಬರು ಪ್ರತಿ ರಾತ್ರಿ ಜೇನು, ಜಾಯಿಕಾಯಿ ಹಾಕಿದ ಬಿಸಿ ಹಾಲು ಕುಡಿಯುತ್ತಿದ್ದರು. ಗುರುವಾರ ರಾತ್ರಿಯ ಹಾಲಿನ ಬಟ್ಟಲಿನ ತಳದಲ್ಲಿ ಪುಡಿ ಸಿಕ್ಕಿತು. ಹಾಲು ಕಾಯಿಸಿ ಒಯ್ದವಳು ಲೆಟಿಸ್. ಸೀಸೆಯ ಮೇಲೆ ಬೆರಳಚ್ಚು ಲೆಟಿಸಳದು. ಗುರುವಾರ ಮಧ್ಯಾಹ್ನವಷ್ಟೇ ಸಾಹೇಬರು ಅವಳಿಗೆ ಕೆಲಸ ಬಿಡಲು ಹೇಳಿದ್ದರು. ಅದೇ ಸಂಜೆ ಮಾಂಸದಂಗಡಿಯಲ್ಲಿ ಹತ್ತು ಜನರ ಮುಂದೆ ಲೆಟಿಸ್, "ಈ ಮುದುಕ ಇವತ್ತು ಮಲಗಿದೋನು ನಾಳೆ ಏಳದೇ ಹೋದ್ರೆ ಇಡೀ ಊರಿಗೆ ನಾನೇ ಕೇಕ್ ಮಾಡಿ ಹಂಚ್ತೀನಿ" ಎಂದಿದ್ದಳು. ಇನ್ನೇನು ಬೇಕು?

ಲೆಟಿಸಳನ್ನು ಕರೆದುಕೊಂಡು ಹೋದ ದಿನ ಊರು ನಿಟ್ಟುಸಿರು ಬಿಟ್ಟಿತು. ಅದು ಬೇಸರದ ನಿಟ್ಟುಸಿರಲ್ಲ, ನೆಮ್ಮದಿಯದು. ನಲವತ್ತು ದಾಟಿದ ಲೆಟಿಸಳ ನಾಲಿಗೆಗೆ ಊರಲ್ಲಿ ಸಿಕ್ಕಿಕೊಳ್ಳದವರೇ ಇರಲಿಲ್ಲ. ಕೊಲೆಗಾರ್ತಿ ಯಾರೋ ಒಬ್ಬಳಾಗಬೇಕು ಅಂದಮೇಲೆ, ಅವಳೇ ಆದದ್ದು ಎಲ್ಲರಿಗೂ ಅನುಕೂಲವೇ ಆಯಿತು. ನಾಚಿಕೆ ಆಗಬೇಕು ಜನಕ್ಕೆ.

"ನೇಣಾಗುತ್ತೆ ಬಿಡು," ಎಂದಳು ಪೋಸ್ಟಾಫೀಸಿನ ಮಿಸೆಸ್ ಪೂಕ್, ಹೆಸ್ಟರಳಿಗೆ ಅಂಚೆಚೀಟಿ ಹರಿದು ಕೊಡುತ್ತ. "ವಿಷ ಹಾಕಿದೋರಿಗೆ ದಯೆ ಇಲ್ಲ. ಅಂಥ ಒಳ್ಳೆ ಮನುಷ್ಯ. ನಿಮ್ಮಕ್ಕ ನೋಡು, ಎಷ್ಟು ನೊಂದುಕೊಂಡಿದ್ದಾಳೆ. ಆವತ್ತು ಒಂಬತ್ತು ಗಂಟೆಗೆ ನಾವೆಲ್ಲ ಪರದೆ ಎಳೀತಾ ಇದ್ರೆ, ಅವಳ ಮನೇದು ಆಗಲೇ ಇಳಿದಿತ್ತು. ದೊಡ್ಡಮನೆಯಿಂದ ಓಡಿ ಬಂದು ಇಳಿಸಿ ಮತ್ತೆ ಓಡಿಹೋಗಿದ್ದಾಳೆ, ಪಾಪ."

ಹೆಸ್ಟರ್ ಅಂಚೆಚೀಟಿಯನ್ನು ಲಕೋಟೆಗೆ ಅಂಟಿಸಿದಳು. ಸೊಟ್ಟಗಾಯಿತು. ಅದನ್ನು ಹಾಗೇ ಡಬ್ಬಿಗೆ ಹಾಕಿ ಹೊರಗೆ ಬಂದಳು.

ಮೇಬಲ್ ಅಂದು ಓಡಿ ಬಂದಿರಲಿಲ್ಲ. ಬೆಳಗ್ಗೆ ಏಳಕ್ಕೆ ದೊಡ್ಡಮನೆಗೆ ಹೋದವಳು ಮಧ್ಯಾಹ್ನದವರೆಗೆ ಅಲ್ಲಿಂದ ಕದಲಿರಲಿಲ್ಲ. ಆರೂವರೆಗೇ, ಸಾಹೇಬರು ಸತ್ತಿದ್ದಾರೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ, ಅವಳ ಪರದೆ ಇಳಿದಿತ್ತು. ಹೆಸ್ಟರ್ ಕಣ್ಣಾರೆ ಕಂಡಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಹೆಸ್ಟರಳಿಗೆ ಹಾಗೇನೂ ಆಗಲಿಲ್ಲ. ತಣ್ಣೀರಲ್ಲಿ ಬಹಳ ಹೊತ್ತು ಇಟ್ಟ ಕೈಯ ಹಾಗೆ ತಲೆಯೊಳಗೆಲ್ಲ ಸೆಟೆದುಕೊಂಡಿತು. ಅಂಗಡಿಯಲ್ಲಿ ಈರುಳ್ಳಿ ಕೊಂಡಳು, ಮನೆಗೆ ಹೋದಳು, ಈರುಳ್ಳಿ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತಳು. ಕತ್ತಲಾಗುವವರೆಗೂ ಏಳಲಿಲ್ಲ.

ಈಗ ಆ ಒಂದು ಸಲದ ಮಾತು. ಮೇಬಲ್‌ಗೆ ಒಬ್ಬನೇ ಮಗ, ಕ್ಲೆಮ್. ಗುಂಗುರು ಕೂದಲು, ಮಾತಾಡುವಾಗ ತೊದಲು. ಮಹಾಯುದ್ಧಕ್ಕೆ ಈ ಊರಿನ ಹದಿನಾಲ್ಕು ಹುಡುಗರು ಹೋದರು; ಸತ್ತ ಒಬ್ಬೊಬ್ಬನ ತಂತಿ ಬಂದಾಗಲೂ ಬೀದಿ ಪೂರ್ತಿ ಪರದೆ ಇಳಿಯಿತು. ಕ್ಲೆಮ್‌ನ ವಿಷಯದಲ್ಲಿ ಬಂದದ್ದು ತಂತಿಯಲ್ಲ, ಒಂದು ಕಾಗದ. ಅವನನ್ನು ಶತ್ರುಗಳು ಕೊಂದಿರಲಿಲ್ಲ. ಕಾವಲು ಬಿಟ್ಟು ಹಿಂದಕ್ಕೆ ನಡೆದು ಬಂದ ಅಂತ ನಮ್ಮವರೇ ಬೆಳಗಿನ ಜಾವ ಕಂಬಕ್ಕೆ ಕಟ್ಟಿ ಗುಂಡು ಹಾಕಿದ್ದರು. ಇಪ್ಪತ್ತು ವರ್ಷ ಅವನಿಗೆ. ಅಂದು ನೆದರ್ ಕಾಬ್ಲಿಯಲ್ಲಿ ಒಂದು ಪರದೆಯೂ ಇಳಿಯಲಿಲ್ಲ. ಹೆಸ್ಟರ್ ದಾರಕ್ಕೆ ಕೈ ಹಾಕಿದ್ದಳು. ಗಂಡ ಸೈಲಸ್, ಆಗ ಇನ್ನೂ ಬದುಕಿದ್ದ, ಪತ್ರಿಕೆಯಿಂದ ತಲೆ ಎತ್ತಿ "ಬೇಡ, ಬಿಡು ಅದನ್ನ. ಊರು ನೋಡ್ತಾ ಇದೆ" ಎಂದ. ಅವಳು ಬಿಟ್ಟಳು. ಎದುರುಗಡೆ ಮನೆಯಲ್ಲಿ ಅಕ್ಕ ಕಿಟಕಿಯಲ್ಲಿ ನಿಂತು ಬೀದಿಯನ್ನು ನೋಡುತ್ತಿದ್ದಳು. ಹೆಸ್ಟರಳಿಗೆ ಜೋಮು ಹಿಡಿದದ್ದು ಅಂದಿನಿಂದ.

ಮರುದಿನ ಹೆಸ್ಟರ್ ಬೀದಿ ದಾಟಿ ಹೋದಾಗ ಮೇಬಲ್ ಬಟಾಣಿ ಸುಲಿಯುತ್ತಿದ್ದಳು. ಹೆಸ್ಟರ್ ಎದುರು ಕೂತು ತಾನೂ ಒಂದು ಹಿಡಿ ಎತ್ತಿಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಸುಲಿದರು.

"ಶುಕ್ರವಾರ ಬೆಳಗ್ಗೆ ನಾನು ಗಿರಣಿ ಮನೆಯಿಂದ ಬರ್ತಾ ಇದ್ದೆ," ಎಂದಳು ಹೆಸ್ಟರ್. "ಆರೂವರೆ ಇರಬೇಕು. ನಿನ್ನ ಪರದೆ ಇಳಿದಿತ್ತು."

ಮೇಬಲಳ ಹೆಬ್ಬೆರಳು ಸಿಪ್ಪೆಯೊಳಗೇ ನಿಂತಿತು. "ಇಳಿಸಿದ್ನಾ?" ಎಂದಳು. ಕಿಟಕಿಯ ಕಡೆ ತಿರುಗಿ ನೋಡಿದಳು. ಆಮೇಲೆ, ನಿಜವಾಗಿಯೂ ಬೆರಗಾದವಳ ಹಾಗೆ, "ಹೌದು ಕಣೇ. ಇಳಿಸಿದ್ದೆ. ನೋಡು, ನಂಗೇ ಗೊತ್ತಾಗ್ಲಿಲ್ಲ" ಎಂದಳು.

"ಯಾಕೆ ಇಳಿಸ್ದೆ?"

"ಸತ್ತಿದ್ದಾರಲ್ಲ ಅಂತ. ಇನ್ನೇನಕ್ಕೆ ಇಳಿಸ್ತಾರೆ? ಎದ್ದೆ, ಮುಖ ತೊಳ್ಕೊಂಡೆ, ಯಜಮಾನ್ರು ಸತ್ರು ಅಂತ ನೆನಪಾಯ್ತು, ಕೈ ಹೋಗಿ ದಾರ ಎಳೆದುಬಿಡ್ತು. ಇಪ್ಪತ್ತೆರಡು ವರ್ಷ ಆ ಮನುಷ್ಯನಿಗೆ ಮೊಟ್ಟೆ ಬೇಯಿಸಿ ಹಾಕಿದ್ದೀನಿ ಹೆಟ್ಟಿ. ಪರದೆ ಇಳಿಸದೆ ಇರೋಕಾಗುತ್ತಾ? ಮರ್ಯಾದೆ ಅಂತ ಒಂದಿದೆ." ಚಿಕ್ಕಂದಿನಿಂದ ಅವಳ ಬಾಯಲ್ಲಿ ತಂಗಿ ಹೆಟ್ಟಿಯೇ.

ಕೊಂದವಳೇ ಸೂತಕ ಹಿಡಿದಿದ್ದಳು. ನಗಬೇಕೋ ಅಳಬೇಕೋ ತಿಳಿಯದ ಮಾತು. ಹೆಸ್ಟರಳಿಂದ ಎರಡೂ ಆಗಲಿಲ್ಲ. "ಏನು ಮಾಡ್ದೆ ಮೇಬಲ್ ನೀನು," ಎಂದಷ್ಟೇ ಕೇಳಿದಳು.

ಮೇಬಲ್ ಎದ್ದು ಚಹಾದ ಡಬ್ಬಿಯ ಅಡಿಯಿಂದ ಒಂದು ಹಳದಿ ಹಾಳೆ ತಂದು ಬಟಾಣಿಯ ಪಕ್ಕ ಇಟ್ಟಳು. ಯುದ್ಧದಲ್ಲಿ ಮಡಿದವರ ಹೆಸರಿನ ಕಲ್ಲು ಚರ್ಚಿನ ಮುಂದೆ ನಿಲ್ಲಿಸಿದರಲ್ಲ, ಅದರ ಸಮಿತಿಯ ಹಾಳೆ. ಒಂಬತ್ತು ಹೆಸರು. ಕಲ್ಲಿನ ಮೇಲಿರುವುದು ಎಂಟು. ಒಂಬತ್ತನೆಯದು ಕ್ಲೆಮೆಂಟ್ ಟ್ರೂಬಿ, ಮೇಬಲಳ ಕ್ಲೆಮ್. ಪಕ್ಕದಲ್ಲಿ ಐದು ಜನರ ಅಭಿಪ್ರಾಯ: ಪಾದ್ರಿ, ಇರಲಿ. ಕಮ್ಮಾರ, ಇರಲಿ. ಶಾಲೆ ಮೇಷ್ಟ್ರು, ಇರಲಿ. ಸೈಲಸ್ ಲಕೆಟ್, ಇರಲಿ. ಕೊನೆಗೆ ಅಧ್ಯಕ್ಷ ಥರ್ಕೆಟಲ್ ಸಾಹೇಬರ ಕೈಬರಹದಲ್ಲಿ, ಬೇಡ. ಹೆಸರಿನ ಮೇಲೆ ಕೆಂಪು ಶಾಯಿಯ ಒಂದು ಗೆರೆ.

"ಸೈನ್ಯದೋರು ಬೇಡ ಅಂದ್ರಂತೆ ಅಂತ ಯಜಮಾನ್ರು ನಂಗೆ ಹೇಳಿದ್ರು," ಎಂದಳು ಮೇಬಲ್. "ಹದಿನಾಲ್ಕು ವರ್ಷ ನಾನು ಸೈನ್ಯಕ್ಕೆ ಶಾಪ ಹಾಕ್ದೆ. ಹೋದ ತಿಂಗಳು ಹಳೇ ಕಾಗದ ಒಲೆಗೆ ಹಾಕು ಅಂತ ತಾವೇ ಕೊಟ್ರು. ಏನು ಕೊಟ್ಟೆ ಅಂತ್ಲೂ ನೆನಪಿಲ್ಲ ಅವರಿಗೆ. ಆವತ್ತೂ ಊಟ ಹಾಕ್ದೆ. ಮಾರನೇ ದಿನವೂ ಹಾಕ್ದೆ. ಚೆನ್ನಾಗಿದೆ ಮೇಬಲ್, ಅಂದ್ರು."

"ಲೆಟಿಸ್ ಏನು ಮಾಡಿದ್ಲು ನಿಂಗೆ?"

"ಏನೂ ಮಾಡ್ಲಿಲ್ಲ. ಮುದುಕರು ನಿದ್ದೇಲಿ ಹೋದ್ರು ಅಂತಾರೆ, ಅಷ್ಟೇ ಅಂದುಕೊಂಡಿದ್ದೆ. ಡಾಕ್ಟರು ಸೀಸೆ ನೋಡ್ತಾರೆ ಅಂತ ಯಾರಿಗೆ ಗೊತ್ತಿತ್ತು?"

"ಅವಳನ್ನ ನೇಣಿಗೆ ಹಾಕ್ತಾರೆ ಮೇಬಲ್."

"ಹಾಕಲ್ಲ. ಬಿಡ್ತಾರೆ."

"ಬಿಡದೇ ಹೋದ್ರೆ?"

ಮೇಬಲ್ ಸಿಪ್ಪೆಗಳನ್ನು ಒಟ್ಟುಗೂಡಿಸಿದಳು. "ನಾನಾಗಿ ಹೋಗಿ ಹೇಳೋಕೆ ನಂಗೆ ಧೈರ್ಯ ಇಲ್ಲ. ಕ್ಲೆಮ್ ನನ್ನ ಮಗ, ಅದೇ ರಕ್ತ, ನಾನೂ ಪುಕ್ಕಲೇ. ಆದ್ರೆ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ. ಆ ನೆಗಡಿ ಮೂಗಿನೋನು ಎಷ್ಟು ಹೊತ್ತಿಗೆ ಮನೆಗೆ ಹೋದೆ ಅಂತ ಕೇಳ್ದ, ಆರಕ್ಕೆ ಅಂದೆ. ಹಾಲು ಯಾರು ಒಯ್ದರು ಅಂತ ಕೇಳ್ದ, ಲೆಟಿಸ್ ಅಂದೆ. ಹಾಲಿಗೆ ಜೇನು ಬೆರೆಸಿ ಇಟ್ಟು ಹೋಗೋಳು ನೀನೇನಾ ಅಂತ ಕೇಳ್ಲೇ ಇಲ್ಲ." ತಂಗಿಯ ಮುಖ ನೋಡದೆ, "ಆವತ್ತು ಕ್ಲೆಮ್‌ಗೆ ಇಡೀ ಬೀದೀಲಿ ಒಂದು ಪರದೆ ಇಳೀಲಿಲ್ಲ. ನಿಂದೂ ಇಳೀಲಿಲ್ಲ ಹೆಟ್ಟಿ" ಎಂದಳು.

ಹದಿನೇಳು ವರ್ಷದಲ್ಲಿ ಆ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಹೆಸ್ಟರ್ ಉಳಿದ ಬಟಾಣಿ ಸುಲಿದು ಮುಗಿಸಿ ಮನೆಗೆ ಬಂದಳು.

ಆಮೇಲಿನ ನಾಲ್ಕು ದಿನ ಅವಳು ಹೇಗೆ ಕಳೆದಳೋ ಅವಳಿಗೇ ನೆನಪಿಲ್ಲ. ಒಬ್ಬ ಮುದುಕಿಯನ್ನು ತೊಳೆದು ಮಲಗಿಸಿದಳಂತೆ. ಸುಮ್ಮನಿದ್ದರೆ ಅಕ್ಕ ಉಳಿಯುತ್ತಾಳೆ, ಲೆಟಿಸ್ ಸಾಯುತ್ತಾಳೆ. ಬಾಯಿ ಬಿಟ್ಟರೆ ಲೆಟಿಸ್ ಉಳಿಯುತ್ತಾಳೆ, ಅಕ್ಕ ಸಾಯುತ್ತಾಳೆ. ಊರು ನೋಡ್ತಾ ಇದೆ ಅಂತ ಒಮ್ಮೆ ಕೈ ಬಿಟ್ಟದ್ದಾಗಿತ್ತು. ಈಗಲೂ ಊರಿಗೆ ಬೇಕಾಗಿದ್ದದ್ದು ಅವಳು ಸುಮ್ಮನಿರುವುದೇ. ಐದನೆಯ ದಿನ ಹೆಸ್ಟರ್ ಟೋಪಿ ಹಾಕಿಕೊಂಡು ಮಾರ್‌ಬರಿಯ ಬಸ್ಸು ಹತ್ತಿದಳು.

ಇನ್ಸ್‌ಪೆಕ್ಟರ್ ಹಾಬ್‌ಡೇ ಮೂಗು ಒರೆಸಿಕೊಳ್ಳುತ್ತ ಕೇಳಿಸಿಕೊಂಡ. "ಪರದೆ?"

"ಹೌದು ಸರ್. ಆರೂವರೆಗೇ ಇಳಿದಿತ್ತು."

"ಬಿಸಿಲಿಗೆ ಇಳಿಸಿರ್ತಾಳಮ್ಮ."

"ಬೆಳಗ್ಗೆ ಆರೂವರೆಗೆ ಎಂಥ ಬಿಸಿಲು ಸರ್?"

"ಇಲ್ಲ, ಏರಿಸೋಕೆ ಮರೆತಿರ್ತಾಳೆ. ನನ್ನ ಹೆಂಡತಿ ಮಧ್ಯಾಹ್ನದವರೆಗೂ ಏರಿಸಲ್ಲ."

"ನೀವು ಪಟ್ಟಣದೋರು ಸರ್," ಎಂದಳು ಹೆಸ್ಟರ್. "ನಮ್ಮೂರಲ್ಲಿ ರಾತ್ರಿ ಮುಂಗಿಟಕಿ ಪರದೆ ಇಳಿಸೋದೇ ಇಲ್ಲ. ಸಾವಾದ್ರೆ ಮಾತ್ರ ಇಳಿಸೋದು. ಹೋಗಿ ಅವಳನ್ನ ಹಾಲಿನ ವಿಷಯ ಕೇಳಿ. ನೇರವಾಗಿ ಕೇಳಿ. ಹೇಳ್ತಾಳೆ."

ಅವನು ಪೆನ್ಸಿಲ್ ಕೆಳಗಿಟ್ಟ. "ಅವಳು ನಿಮ್ಮ ಅಕ್ಕ ಅಲ್ವಾ?"

"ಹೌದು."

ಅವನು ಅವಳ ಮುಖ ನೋಡಿದ. ಅಲ್ಲಿ ಅವನಿಗೆ ಏನೂ ಕಾಣಲಿಲ್ಲ. ಕಾರು ತರಿಸಿದ.

ಮೇಬಲ್ ಹೇಳಿದಂತೆಯೇ ನಡೆದುಕೊಂಡಳು. ಕೇಳಿದ ಮೊದಲ ಪ್ರಶ್ನೆಗೇ ಎಲ್ಲ ಹೇಳಿದಳು, ಸೀಸೆಯನ್ನು ಒರೆಸುವ ಬಟ್ಟೆಯಲ್ಲಿ ಹಿಡಿದದ್ದನ್ನೂ. ಒಲೆಯ ಮೇಲಿದ್ದ ಸಾರನ್ನು ಇಳಿಸಿ, ಮುಚ್ಚಿ, ಕಾರು ಹತ್ತಿದಳು. ವಿಚಾರಣೆ ಎರಡು ದಿನದಲ್ಲಿ ಮುಗಿಯಿತು. ಪಾದ್ರಿ ದಯಾ ಅರ್ಜಿ ಬರೆದರು, ಅದು ತಿರಸ್ಕಾರವಾಯಿತು. ನೇಣಿನ ದಿನ ಜುಲೈ ಹನ್ನೆರಡು, ಗುರುವಾರ, ಬೆಳಗ್ಗೆ ಒಂಬತ್ತು ಗಂಟೆ ಎಂದು ಗೊತ್ತಾಯಿತು.

ಹೆಸ್ಟರ್ ಸೆರೆಮನೆಗೆ ಒಂದು ಸಲ ಹೋದಳು. ಮೇಬಲ್ ಸೊರಗಿದ್ದಳು. ಕೈಯಲ್ಲಿ ಹಿಟ್ಟಿನ ವಾಸನೆ ಇರಲಿಲ್ಲ.

"ಇಲ್ಲಿಯ ಗಂಜಿ ಬಾಯಿಗಿಡೋಕಾಗಲ್ಲ ಕಣೇ," ಎಂದಳು. ಆಮೇಲೆ, "ನನ್ನ ನೀನೇ ತೊಳೀತೀಯಾ?"

"ಕೇಳ್ತೀನಿ."

ಕೇಳಿದಳು. ಆಗುವುದಿಲ್ಲ ಎಂದರು. ನೇಣಿಗೆ ಹಾಕಿದವರನ್ನು ಸೆರೆಮನೆಯ ಗೋಡೆಯೊಳಗೇ ಹೂಳುವುದು, ಮನೆಯವರು ಮುಟ್ಟುವ ಹಾಗಿಲ್ಲ. ಊರಿನ ಹೆಣಗಳನ್ನೆಲ್ಲ ತೊಳೆದವಳಿಗೆ ಒಡಹುಟ್ಟಿದವಳ ಹೆಣ ಸಿಗಲಿಲ್ಲ. ಅದು ಬಹಳ ಅನ್ಯಾಯ ಅಂತ ನನಗನಿಸುತ್ತದೆ. ಹೆಸ್ಟರ್ "ಸರಿ ಸರ್" ಎಂದು ಬಸ್ಸಿಗೆ ನಡೆದಳು.

ಹನ್ನೆರಡನೆಯ ತಾರೀಕು ಬೆಳಗ್ಗೆ ಐದೂವರೆಗೆ ಎದ್ದಳು. ಮುಖ ತೊಳೆದಳು. ಒಲೆ ಹೊತ್ತಿಸಿದಳು. ಚಹಾ ಬಟ್ಟಲು ಹಿಡಿದು ಕೂತಾಗ ಕೋಣೆ ಮಬ್ಬಾಗಿದೆ ಎನಿಸಿ ಸುತ್ತ ನೋಡಿದಳು. ಮುಂಗಿಟಕಿಯ ಪರದೆ ಇಳಿದಿತ್ತು. ಇಳಿಸಿದ್ದು ಅವಳೇ, ಯಾವಾಗ ಇಳಿಸಿದಳೋ ನೆನಪಿಲ್ಲ. ಗಡಿಯಾರ ನೋಡಿದಳು. ಆರೂವರೆ.

ಮೇಬಲ್ ಇನ್ನೂ ಬದುಕಿದ್ದಳು. ಎರಡೂವರೆ ಗಂಟೆ ಇತ್ತು. ಅಷ್ಟು ಹೊತ್ತಿನಲ್ಲಿ ಅವಳು ಮುಖ ತೊಳೆಯುತ್ತಾಳೆ, ಗಂಜಿಯನ್ನು ಬೈಯುತ್ತಾಳೆ, ಯಾರನ್ನೋ ಏನೋ ಕೇಳುತ್ತಾಳೆ. ಹೆಸ್ಟರ್ ಬಟ್ಟಲನ್ನು ಕೆಳಗಿಟ್ಟು ಎದ್ದು ಹೋಗಿ ಪರದೆಯನ್ನು ಪೂರ್ತಿ ಮೇಲಕ್ಕೆ ಏರಿಸಿದಳು. ದಾರದ ಒರಟು ಬೆರಳಿಗೆ ತಾಗಿತು. ಆ ಬೆರಳಿಗೆ ಏನಾದರೂ ತಾಗಿ ಎಷ್ಟೋ ವರ್ಷವಾಗಿತ್ತು. ಅವಳು ಆ ಕೈಯನ್ನು ಇನ್ಯಾರದೋ ಕೈ ಎಂಬಂತೆ ನೋಡಿದಳು.

ಎಂಟೂವರೆಗೆ ಬಾಗಿಲು ತಟ್ಟದೆ ಲೆಟಿಸ್ ಗ್ಯಾಮನ್ ಒಳಗೆ ಬಂದಳು. ಬಿಡುಗಡೆಯಾಗಿ ಬಂದ ಮೇಲೆ ಅವಳು ಹೆಸ್ಟರಳಿಗೆ ಒಂದು ಕೃತಜ್ಞತೆಯ ಮಾತೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.

"ನನ್ನ ಮನೆ ಪರದೆ ನಾನು ಇಳಿಸಲ್ಲ," ಎಂದಳು, ಕೂರುತ್ತ. "ನನ್ನ ಕೊರಳಿಗೆ ಹಗ್ಗ ಬರೋವರೆಗೂ ಬಾಯಿ ಮುಚ್ಕೊಂಡು ಅಡಿಗೆ ಮಾಡ್ತಿದ್ದೋಳು. ಅವಳಿಗೆ ಇಳಿಸಲ್ಲ."

"ಇಳಿಸಬೇಡ."

"ಆದ್ರೆ ನೀನು ಒಬ್ಬಳೇ ಕೂತಿರ್ತೀಯ ಅಂತ ಬಂದೆ. ಇದೇನು ಚಹಾನಾ, ಪಾತ್ರೆ ತೊಳೆದ ನೀರಾ? ಏಳು, ನಾನು ಮಾಡ್ತೀನಿ."

ಅವಳು ಚಹಾ ಮಾಡಿದಳು. ಇಬ್ಬರೂ ಕುಡಿಯಲಿಲ್ಲ. ಬೀದಿಯಲ್ಲಿ ಯಾರೂ ಓಡಾಡುತ್ತಿರಲಿಲ್ಲ. ಪ್ರತಿ ಮನೆಯ ಪರದೆಯೂ ಮೇಲಿತ್ತು, ಪ್ರತಿ ಕಿಟಕಿಯ ಹಿಂದೆಯೂ ಯಾರೋ ನಿಂತಿದ್ದರು. ಹೆಸ್ಟರ್ ಎದ್ದು ದಾರ ಹಿಡಿದು ನಿಂತಳು. ಚರ್ಚಿನ ಗಡಿಯಾರ ಹೊಡೆಯತೊಡಗಿತು. ಒಂಬತ್ತನೆಯ ಏಟು ಬೀಳುವವರೆಗೆ ಕಾದಳು. ಊರು ನೋಡುತ್ತಿತ್ತು. ಅವಳು ದಾರ ಎಳೆದಳು.

ಲೆಟಿಸ್ ಪರದೆಯ ಅಂಚನ್ನು ಸರಿಸಿ ಹೊರಗೆ ಬಹಳ ಹೊತ್ತು ನೋಡಿದಳು. "ಯಾರೂ ಇಳಿಸ್ಲಿಲ್ಲ," ಎಂದಳು ಕೊನೆಗೆ. ಅವಳ ದನಿಯಲ್ಲಿ ಎಂದಿನ ಖಾರ ಇರಲಿಲ್ಲ. "ಒಂದು ಮನೆಯೋರೂ ಇಳಿಸ್ಲಿಲ್ಲ ಹೆಸ್ಟರ್."

"ಒಂದು ಇಳಿದಿದೆಯಲ್ಲ," ಎಂದಳು ಹೆಸ್ಟರ್.

ಮೇಬಲಳನ್ನು ಮಧ್ಯಾಹ್ನದೊಳಗೇ ಹೂತರು. ಹೆಸ್ಟರ್ ಪರದೆ ಏರಿಸಲಿಲ್ಲ. ಮೂರು ದಿನ ಕಳೆದ ಮೇಲೂ ಏರಿಸಲಿಲ್ಲ. ಮಿಸೆಸ್ ಪೂಕ್ ಬಾಗಿಲಿಗೆ ಬಂದು, ಇನ್ನೂ ಯಾಕಮ್ಮ, ಪದ್ಧತಿ ಇರೋದು ಮೂರೇ ದಿನ, ಎಂದಳು. ಹೆಸ್ಟರ್ ಬಾಗಿಲು ಹಾಕಿಕೊಂಡಳು. ಒಟ್ಟು ಆರು ದಿನ ಅದು ಇಳಿದೇ ಇತ್ತು. ಮೊದಲ ಮೂರು ಮೇಬಲ್‌ಗೆ, ಆಮೇಲಿನ ಮೂರು ಕ್ಲೆಮ್‌ಗೆ.